ನನ್ನ ಮಗಳ ಎರಡಕ್ಷರದ ಹೆಸರು

ನಮ್ಮ ಕಡೆ ಮಗುವಿನ ಹೆಸರಿನ ಮೇಲೆ ಹೆತ್ತವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹಕ್ಕಿದೆ. ಮಗಳಿಗೆ ಅನು ಅಂತ ಹೆಸರಿಟ್ಟ ದಿನದಿಂದ ಇದನ್ನೇ ನೋಡುತ್ತಿದ್ದೇನೆ.

ತೊಟ್ಟಿಲ ಹತ್ತಿರ

"ಇದೇನವ್ವ ಸುಮಾ, ಅರ್ಧಕ್ಕೇ ನಿಲ್ಲಿಸ್ಬುಟ್ಟೆ? ಅನಸೂಯನೋ, ಅನುರಾಧನೋ?" ಅಂದರು ನಮ್ಮತ್ತೆ.

"ಬರೀ ಅನು ಕಣತ್ತೆ."

"ಅದಕ್ಕೊಂದು ಅರ್ಥ ಬ್ಯಾಡ್ವಾ?"

"ನಿಮ್ಮ ಮಗನಿಗೆ ಪುಟ್ಟಯ್ಯ ಅಂತ ಇಟ್ರಿ. ಆರಡಿ ಬೆಳೆದು ದಿನಾ ಬಾಗಿಲಿಗೆ ತಲೆ ಹೊಡ್ಕೋತಾರೆ. ನಾನು ಅರ್ಥ ಕೇಳಿದ್ನಾ?"

ಅತ್ತೆ ಸೋಲಲಿಲ್ಲ. ಮೊಮ್ಮಗಳನ್ನು "ಏ ಕೂಸೇ" ಅಂತಲೇ ಕರೆದರು.

ಜೀಪಿನಲ್ಲಿ

ಮಗುವನ್ನೆತ್ತಿಕೊಂಡು ವನಗೂರಿನಿಂದ ಘಾಟಿ ಇಳಿಯುವಾಗ ಡ್ರೈವರ್ ಕೇಳಿದ, "ಪಾಪು ಹೆಸರೇನಕ್ಕ?"

"ಅನು."

"ಉಳಿದಿದ್ದು ಆಮೇಲೆ ಇಡ್ತೀರಾ?"

ನನಗೆ ಉರಿದುಹೋಯಿತು. "ಮೊದಲು ನಿನ್ನ ಜೀಪಿಗೆ ಪೂರ್ತಿ ಬ್ರೇಕ್ ಹಾಕ್ಸು ಮಾರಾಯ. ಆಮೇಲೆ ನನ್ನ ಮಗಳ ಹೆಸರು ಪೂರ್ತಿ ಮಾಡುವಂತೆ."

ಮೇಷ್ಟರು ಬಂದರು

ಮಗಳಿಗೆ ಐದಾದಾಗ ಪಕ್ಕದ ಎಸ್ಟೇಟಿಗೆ ನೆಂಟರಾಗಿ ಬಂದಿದ್ದ ಕಾಲೇಜು ಮೇಷ್ಟರೊಬ್ಬರು ನಮ್ಮ ಕಾಫಿ ಕಣ ನೋಡಲು ಬಂದರು. ಹೆಸರು ಕೇಳಿ ಕಣ್ಣರಳಿಸಿದರು.

"ಅನು! ಸಾವಿರಾರು ವರ್ಷದ ಹಿಂದೆ, ಈಗಿನ ಇರಾಕ್ ಇರೋ ಕಡೆ, ಅಕ್ಕಾಡಿಯನ್ ಅಂತ ಭಾಷೆ ಇತ್ತು. ಅದರಲ್ಲಿ ಅನು ಅಂದ್ರೆ ಆಕಾಶದ ದೇವರು. ಐರ್ಲೆಂಡಿನವರ ಹಳೇ ಗೇಲಿಕ್‌ನಲ್ಲಿ ಅನು ಅಂದ್ರೆ ದೇವರುಗಳಿಗೇ ತಾಯಿ. ಒಂದಕ್ಕೊಂದು ಸಂಬಂಧ ಇಲ್ಲ, ಆದರೂ ನೋಡಿ!"

ಅತ್ತೆ ಮೊಮ್ಮಗಳಿಗೆ ಕೈಮುಗಿದೇಬಿಟ್ಟರು. "ನನ್ನವ್ವ! ಅನವ್ವ!"

ಹೆತ್ತವಳು ಐದು ವರ್ಷ ಬಾಯಿ ನೋಯಿಸಿಕೊಂಡರೂ ಆಗದ್ದು, ಆಡುವವರೇ ಸತ್ತುಹೋದ ಭಾಷೆಯಿಂದ ಒಂದೇ ಕಾಫಿ ಕುಡಿಯುವಷ್ಟರಲ್ಲಿ ಆಯಿತು. ಮೈಯೆಲ್ಲ ಉರಿಯಿತು. ಆದರೂ ಹೆಸರು ಉಳಿಯಿತಲ್ಲ ಅಂತ ಮೇಷ್ಟರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ಬೈಯುವುದು ಹೇಗೆ?

ಮರುವಾರ ಮಗಳು ಒಣಗಿದ ಕಾಫಿಯ ಮೇಲೆ ಬಿಂದಿಗೆ ನೀರು ಸುರಿದಳು. "ಅನೂ, ದರಿದ್ರದ್ದೇ!" ಅಂದೆ.

ಅತ್ತೆ ಹಾರಿಬಂದರು. "ದೇವ್ರ ಹೆಸರು ಹಿಡಿದು ಬೈತೀಯಾ? ನಾಲಿಗೆ ಬಿದ್ದೋಗ್ತದೆ!"

"ಮತ್ತೆ ಹೆಂಗೆ ಬೈಲಿ?"

"ಬೈಬ್ಯಾಡ. ನಮ್ಮ ಮನೇಲಿ ದೇವ್ರ ಹೆಸರಿನೋರನ್ನ ಬೈಯೋ ಪದ್ಧತಿ ಇಲ್ಲ."

ಎರಡೇ ದಿನ. ಅತ್ತೆಯ ಎಲೆಅಡಿಕೆ ಚೀಲವನ್ನು ಮಗಳು ಕರುವಿನ ಬಾಯಿಗೆ ಹಿಡಿದಳು. ಚೀಲದ ದಾರವಷ್ಟೇ ಉಳಿಯಿತು. ಅತ್ತೆ ಬಾಯಿ ತೆರೆದರು. "ಅ..." ಅಂದು ನುಂಗಿಕೊಂಡರು. ಸುತ್ತ ನೋಡಿದರು. ಬಟ್ಟೆ ಹಿಂಡುತ್ತಿದ್ದ ನಾನು ಕಣ್ಣಿಗೆ ಬಿದ್ದೆ.

"ನಿನ್ನ ಹೆಸರಿನ ದೇವ್ರು ಯಾವ ದೇಶದಾಗೂ ಇಲ್ಲ ತಾನೆ?"

"ಇಲ್ಲ ಕಣತ್ತೆ, ಯಾಕೆ?"

ಅವರು ಮೊಮ್ಮಗಳ ಕಡೆ ತಿರುಗಿ ಅರಚಿದರು, "ಲೇ ಸುಮಾ! ಹಾಳಾದೋಳೇ! ಮನೆಹಾಳಿ!"

ಮಗಳು ಕದಲಲಿಲ್ಲ. ನಿಧಾನವಾಗಿ ನನ್ನ ಕಡೆ ನೋಡಿ ಹೇಳಿದಳು, "ಅವ್ವಾ, ಅಜ್ಜಿ ಕರೀತಾವ್ರೆ, ಹೋಗು."