ಮೇಲಿನ ಮನೆಯ ಗೋಲಿಗಳು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅವನನ್ನು ಎಲ್ಲರೂ ಚಾಳೀಸಪ್ಪ ಎಂದೇ ಕರೆಯುತ್ತಿದ್ದರು. ಅವನಿಗಿದ್ದ ದುರಭ್ಯಾಸ ಒಂದೇ, ಕುತೂಹಲ. ಹೆಂಡತಿಗೆ ಅವನ ಪ್ರಶ್ನೆಗಳನ್ನು ಕೇಳಿ ಕೇಳಿ ಸಾಕಾಗಿದ್ದರಿಂದ 'ಸುಮ್ನೆ ಕೇಳ್ದೆ' ಎಂಬ ಆನ್‌ಲೈನ್ ಗುಂಪಿಗೆ ಸೇರಿಕೊಂಡಿದ್ದ. ಅಲ್ಲಿ ಜನ ಮನಸ್ಸಿಗೆ ಬಂದದ್ದನ್ನು ಕೇಳುತ್ತಿದ್ದರು. ಗೊತ್ತಿದ್ದವರು ಉತ್ತರಿಸುತ್ತಿದ್ದರು, ಗೊತ್ತಿಲ್ಲದವರು ಇನ್ನೂ ಉದ್ದವಾಗಿ ಉತ್ತರಿಸುತ್ತಿದ್ದರು. ಚಾಳೀಸಪ್ಪನ ಪ್ರಶ್ನೆಗಳನ್ನು ಮಾತ್ರ ವರ್ಷಗಟ್ಟಲೆ ಯಾರೂ ಮೂಸಿಯೂ ನೋಡಿರಲಿಲ್ಲ.

ಅಂಥವನು ರಜೆಯ ದಿನ ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ಬರೆದ: "ಮೇಲಿನ ಮನೆಯಲ್ಲಿ ಗೋಲಿ ಉರುಳಿಸಿದ ಸದ್ದು ನಮಗೆ ದಿನಾ ಕೇಳಿಸುತ್ತದೆ. ಅಲ್ಲಿರುವುದು ನಿವೃತ್ತರಾದ ಒಬ್ಬ ಭೂಗೋಳದ ಟೀಚರು. ಯಾಕಿರಬಹುದು?"

ಹಲ್ಲುಜ್ಜಿ ಬರುವಷ್ಟರಲ್ಲಿ ಉತ್ತರಗಳು ಮುತ್ತಿಕೊಂಡಿದ್ದವು. "ನಮ್ಮನೇಲೂ ಇದೇ ಗೋಳು!" ಎಂದು ಎಷ್ಟೋ ಜನ ಬರೆದಿದ್ದರು. 'ಅರ್ಧ ಡಾಕ್ಟರು' ಎಂಬಾತ ಇದು ಕಿವಿಯ ಕಾಯಿಲೆ ಎಂದಿದ್ದ. ಟೀಚರು ಕದ್ದ ವಜ್ರಗಳನ್ನು ಎಣಿಸುತ್ತಿರಬೇಕು ಎಂಬುದು 'ನಿದ್ದೆಗಣ್ಣು' ಎಂಬಾಕೆಯ ಅನುಮಾನ. "ಲೋಟವನ್ನು ಚಾವಣಿಗೆ ಒತ್ತಿ, ಅದಕ್ಕೆ ಕಿವಿ ಕೊಟ್ಟು ಕೇಳಿ. ನಾವೆಲ್ಲ ಕಾಯುತ್ತಿದ್ದೇವೆ" ಎಂದು 'ಒಂಟಿ ಚಪ್ಪಲಿ' ಅಪ್ಪಣೆ ಕೊಟ್ಟಿದ್ದ.

ಚಾಳೀಸಪ್ಪ ಒಂದೊಂದನ್ನೂ ಎರಡೆರಡು ಸಲ ಓದಿದ. ಇಷ್ಟು ಜನ ಒಟ್ಟಿಗೆ ಅವನನ್ನು ಮಾತಾಡಿಸಿದ್ದು ಮದುವೆಯ ದಿನ ಮಾತ್ರ. ಅವತ್ತೂ ಅವರು ಕೇಳಿದ್ದು ಊಟ ಎಷ್ಟು ಹೊತ್ತಿಗೆ ಎಂದಷ್ಟೇ. ಸಂಜೆಯೊಳಗೆ ಉತ್ತರ ತರುತ್ತೇನೆ ಎಂದು ಮಾತು ಕೊಟ್ಟುಬಿಟ್ಟ. ಬರಿಗೈಯಲ್ಲಿ ಹೋದರೆ ಮತ್ತೆ ಆ ಹಳೆಯ ಮೌನವೇ ಗತಿ ಎಂದು ಅವನಿಗೆ ಗೊತ್ತಿತ್ತು.

ಮೇಜಿನ ಮೇಲೆ ಸ್ಟೂಲಿಟ್ಟು ಲೋಟ ಹಿಡಿದು ಹತ್ತುತ್ತಿದ್ದ ಗಂಡನನ್ನು ಹೆಂಡತಿ ಅಡುಗೆಮನೆಯಿಂದ ನೋಡಿದಳು. "ರೀ, ಗೋಲಿ ಉರುಳಿದ್ರೆ ಉರುಳ್ಕೊಳ್ಲಿ ಬಿಡಿ. ನಿಮ್ಮ ತಲೆ ಮೇಲೇನೂ ಬೀಳ್ತಿಲ್ವಲ್ಲ?"

"ಶ್! ಜನ ಕಾಯ್ತಿದಾರೆ ಕಣೇ."

ಗರಗರ ಗೋಲಿ ಉರುಳಿತು. "ಬಂತು!" ಎಂದು ಅವನು ಕುಣಿದ, ಸ್ಟೂಲು ಜಾರಿತು. ಕೈಗೆ ಸಿಕ್ಕ ಪರದೆಯನ್ನು ಹಿಡಿದ. ಪರದೆ, ಅದರ ಕಂಬಿ, ಚಾಳೀಸಪ್ಪ, ಮೂರೂ ಒಟ್ಟಿಗೆ ಕೆಳಗೆ ಬಂದವು. ಅದರ ಹಿಂದೆಯೇ ಮೇಲಿನ ಮನೆಯ ಟೀಚರೂ ಬಂದರು.

"ಏನಪ್ಪಾ ಅದು? ಭೂಕಂಪ ಅಂದ್ಕೊಂಡೆ!"

ಪರದೆಯೊಳಗಿಂದ ತಲೆ ಹೊರಹಾಕಿ ಅವನು ಕೇಳಿಯೇಬಿಟ್ಟ. "ಟೀಚರಮ್ಮ, ಬೇಜಾರ್ ಮಾಡ್ಕೋಬೇಡಿ. ನೀವು ಗೋಲಿ ಆಡ್ತೀರಾ?"

ಟೀಚರ ಮುಖ ಕೆಂಪಾಯಿತು. "ಮಂಡಿ ಮಡಚೋಕೇ ಆಗಲ್ಲ, ಗೋಲಿ ಬೇರೆ ಆಡ್ತೀನಾ?" ಎಂದು ಸಿಡುಕಿದವರು ತಟ್ಟನೆ ದನಿ ತಗ್ಗಿಸಿದರು. "ನಿಮಗೂ ಕೇಳ್ಸುತ್ತಾ? ನಾನು ಯಾರ ಹತ್ರಾನೂ ಹೇಳಿಲ್ಲ, ತಲೆ ಕೆಟ್ಟಿದೆ ಅಂತಾರೆ ಅಂತ. ಅದು ನನ್ನ ಮೇಲಿನ ಮನೆ ಮ್ಯಾನೇಜರ ಕೆಲಸ. ಅದಕ್ಕೇ ಆ ಮನುಷ್ಯನ ಜೊತೆ ಮಾತೇ ಬಿಟ್ಟಿದ್ದೀನಿ."

ಇಬ್ಬರೂ ಮೆಟ್ಟಿಲು ಹತ್ತಿದರು. ಬ್ಯಾಂಕಿನ ಮ್ಯಾನೇಜರು ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದರ ಮೇಲೆ ಸೋಪಿನ ನೊರೆ ಇಟ್ಟುಕೊಂಡು ಬಾಗಿಲು ತೆಗೆದರು. ದೂರು ಕೇಳಿ ಅವರ ಕಣ್ಣರಳಿತು. "ನಾನಾ? ತಾರಸಿ ಮೇಲೆ ಯಾರೋ ಆಡ್ತಾರ್ರೀ! ಅವರ ಕಾಟಕ್ಕೆ ಮನೆ ಬದಲಾಯಿಸೋಣ ಅಂತಿದ್ದೆ."

ಮೂವರೂ ತಾರಸಿಯತ್ತ ನುಗ್ಗಿದರು. "ಟೀಚರು, ಅವರ ಮೇಲಿನ ಮನೆಯ ಮ್ಯಾನೇಜರು, ನಾನು ಈಗ ತಾರಸಿ ಬಾಗಿಲಲ್ಲಿದ್ದೇವೆ" ಎಂದು ಚಾಳೀಸಪ್ಪ ಗುಂಪಿಗೆ ಸುದ್ದಿ ಮುಟ್ಟಿಸಿದ. "ಹುಷಾರು! ನೀವು ಮುಂದೆ ಹೋಗಬೇಡಿ, ಮ್ಯಾನೇಜರನ್ನು ಕಳಿಸಿ" ಎಂದು ಉತ್ತರ ಬಂತು. ಬಾಗಿಲು ದಾಟಿದರೆ ಅಲ್ಲಿದ್ದದ್ದು ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಅದರ ಮೇಲೆ ಬರೀ ಆಕಾಶ.

ಆಗ ಗರಗರ ಸದ್ದು ಬಂತು, ಅವರ ಕಾಲ ಕೆಳಗಿನಿಂದ. ಟೀಚರು ಮ್ಯಾನೇಜರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಸಾವರಿಸಿಕೊಂಡು, "ನೆಲಮಹಡಿ ಗೋದಾಮಿಗೆ ಬೀಗ. ನಾವೆಲ್ಲ ಇಲ್ಲಿದೀವಿ. ಹಾಗಾದ್ರೆ ಕೆಳಗಿರೋದು ಯಾರು?" ಎಂದರು.

"ನನ್ನ ಹೆಂಡ್ತಿ ಒಬ್ಬಳೇ."

ಅವನು ಗೋಡೆಯ ಮೇಲಿಂದ ಬಗ್ಗಿ ಕೂಗಿದ. "ಲೇ, ಏನ್ಮಾಡ್ತಿದೀಯೇ?"

"ಪಾತ್ರೆ ತೊಳೀತಿದೀನಿ! ಇನ್ನೇನು, ಗೋಲಿ ಆಡ್ತಾರಾ?"

"ನಲ್ಲಿ ನಿಲ್ಸು!" ಗೋಲಿ ಉರುಳಿತು. "ಬಿಡು! ನಿಲ್ಸು!" ಮತ್ತೆ ಉರುಳಿತು. ಮೂವರೂ ಟ್ಯಾಂಕಿನ ಪೈಪಿಗೆ ಕಿವಿ ಹಚ್ಚಿದರು. ಸಡಿಲವಾದ ಅವನ ಮನೆಯ ನಲ್ಲಿಯನ್ನು ನಿಲ್ಲಿಸಿದಾಗಲೆಲ್ಲ ಪೈಪು ಅದುರಿ, ಆ ಸದ್ದು ಗೋಡೆಯೊಳಗೆ ಎಲ್ಲ ಮಹಡಿಗಳಿಗೂ ಹತ್ತುತ್ತಿತ್ತು.

"ಅಂದ್ರೆ ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ್ದು ನೀವು!" ಎಂದರು ಮ್ಯಾನೇಜರು. ಟೀಚರು ಮ್ಯಾನೇಜರ ಕ್ಷಮೆ ಕೇಳಿದರು, ಮ್ಯಾನೇಜರು ಟೀಚರ ಮಂಡಿ ನೋವನ್ನು ವಿಚಾರಿಸಿದರು. ಬೈಸಿಕೊಳ್ಳಲು ಉಳಿದವನು ಚಾಳೀಸಪ್ಪ ಒಬ್ಬನೇ. ನಾಳೆಯೇ ನಲ್ಲಿ ರಿಪೇರಿ ಮಾಡಿಸುತ್ತೇನೆ ಎಂದು ಕೈಮುಗಿದು ಕೆಳಗಿಳಿದ.

ಆದರೂ ಉತ್ತರ ಸಿಕ್ಕಿತ್ತಲ್ಲ! ಮಾನ ಹೋದರೂ ಪರವಾಗಿಲ್ಲ ಎಂದು ಗುಂಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ.

"ಇಷ್ಟೇನಾ?" ಎಂದ ಒಂಟಿ ಚಪ್ಪಲಿ. "ಇದಕ್ಕಾಗಿ ಬೆಳಗಿನಿಂದ ಸ್ನಾನ ಮಾಡದೆ ಕೂತಿದ್ದೆ!" ಎಂದ ಅರ್ಧ ಡಾಕ್ಟರು. ಟೀಚರು ವಜ್ರ ಕೊಟ್ಟು ಇವನ ಬಾಯಿ ಮುಚ್ಚಿಸಿದ್ದಾರೆ ಎಂದು ನಿದ್ದೆಗಣ್ಣು ಬರೆದದ್ದೇ ತಡ, ಎಲ್ಲರೂ ಹೌದೌದು ಎಂದರು. ಗುಂಪು ನೋಡಿಕೊಳ್ಳುವಾತ ತೀರ್ಪು ಕೊಟ್ಟ: "ಉತ್ತರ ನಂಬುವಂತಿಲ್ಲ. ಅಳಿಸಲಾಗಿದೆ. ಬರೆದವರನ್ನು ಗುಂಪಿನಿಂದ ಹೊರಹಾಕಲಾಗಿದೆ."

ಅವನ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಅವನಿಲ್ಲದೆಯೇ ಹರಟೆ ಭರ್ಜರಿಯಾಗಿ ಸಾಗಿತು. ಚಾಳೀಸಪ್ಪನಿಗೆ ಬಿದ್ದ ಏಟಿಗಿಂತ ಇದು ಹೆಚ್ಚು ನೋವು ಕೊಟ್ಟಿತು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಟೀಚರು, ಅವರ ಹಿಂದೆ ಎರಡೂ ಕೆನ್ನೆ ನುಣ್ಣಗಾದ ಮ್ಯಾನೇಜರು.

"ಇನ್ನೊಂದು ಸದ್ದಿದೆ ಕಣಪ್ಪ," ಎಂದರು ಟೀಚರು. "ನಿಮ್ಮ ಗುಂಪಲ್ಲಿ ಕೇಳ್ತೀರಾ?"

"ನನ್ನನ್ನ ಹೊರಗೆ ಹಾಕಿದಾರೆ ಟೀಚರಮ್ಮ."

"ಒಳ್ಳೇದೇ ಆಯ್ತು ಬಿಡಿ. ಇಲ್ಲೇ ಕೂತು ಮಾತಾಡೋಣ," ಎಂದು ಮ್ಯಾನೇಜರು ಕುರ್ಚಿ ಎಳೆದುಕೊಂಡರು. ಹೆಂಡತಿ ಒಳಗೆ ಕಾಫಿಗೆ ನೀರಿಟ್ಟಳು. ಚಾಳೀಸಪ್ಪನಿಗೆ ಹೋದ ಜೀವ ಬಂದಂತಾಯಿತು.

"ರಾತ್ರಿ ಶುರುವಾಗುತ್ತೆ," ಎಂದರು ಟೀಚರು. "ಮೊದಲು ಗರಗಸ ಎಳೆದ ಹಾಗೆ. ಆಮೇಲೆ ಸೀಟಿ. ನಡುವೆ ಪೂರ್ತಿ ನಿಂತುಬಿಡುತ್ತೆ, ಏನಾಯ್ತೋ ಪಾಪ ಅಂತ ಭಯವಾಗುತ್ತೆ. ಅಷ್ಟರಲ್ಲಿ ಮತ್ತೆ ಗರಗಸ."

"ನನ್ನ ಕಿಟಕಿಗೂ ಬರುತ್ತೆ!" ಎಂದರು ಮ್ಯಾನೇಜರು.

ಅಡುಗೆಮನೆಯಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಷ್ಟು ದೊಡ್ಡ ಸದ್ದಾ? ನಂಗೆ ಒಂದಿನಾನೂ ಕೇಳ್ಸಿಲ್ವಲ್ಲ!" ಚಾಳೀಸಪ್ಪ ಹುರುಪಿನಿಂದ ಎದ್ದು ನಿಂತ. "ಇವತ್ತು ಕಂಡುಹಿಡಿದೇ ಬಿಡ್ತೀನಿ. ರಾತ್ರಿಯಿಡೀ ಕಣ್ಣು ಮುಚ್ಚಲ್ಲ."

"ನೀವು ಕಣ್ಣು ಮುಚ್ಚದಿದ್ರೆ ಆ ಸದ್ದು ಬರೋದೇ ಇಲ್ಲ ರೀ," ಎಂದಳು ಕಾಫಿ ಹಿಡಿದು ಬಂದ ಹೆಂಡತಿ.

"ಹೌದಾ? ಅದ್ಯಾಕೆ ಹಾಗೆ?" ಎಂದು ಚಾಳೀಸಪ್ಪ ತುಂಬು ಕುತೂಹಲದಿಂದ ಮೂವರ ಮುಖವನ್ನೂ ನೋಡಿದ.