ಇಪ್ಪತ್ನಾಲ್ಕು ತಾಟು

ಮೂರನೆಯ ಸಲವೂ ಗುಪ್ತಸಂಖ್ಯೆ ತಪ್ಪಿತು. ಹೆಬ್ಬೆರಳಿನಷ್ಟು ಉದ್ದದ ಆ ಯಂತ್ರದ ಪುಟ್ಟ ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಆಮೇಲೆ ಸಂಜೀವನನ್ನು ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ 'ಸ್ವಾಗತ' ಎಂದಿತು.

ಬೈಲಹೊಂಗಲದ ಒಂದು ಪಿ.ಯು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸಂಜೀವ ಹುಟ್ಟಾ ಅಂಜುಬುರುಕ. ಹೋದ ವರ್ಷ ಕಿತ್ತೂರಿನ ಪ್ಲಾಟು ಮಾರಿದಾಗ ಹೆಂಡತಿ ಭಾವನಾ, ಒಳ್ಳೆಯ ಮನೆ ಸಿಗುವ ತನಕ ರೊಕ್ಕ ಬ್ಯಾಂಕಿನಲ್ಲಿ ಠೇವಣಿ ಇಡಿ ಎಂದಿದ್ದಳು. ಇಟ್ಟೆ ಎಂದು ಇವನೂ ಹೇಳಿದ್ದ. ಇಟ್ಟಿದ್ದು ಮಾತ್ರ ಬಿಟ್‌ಕಾಯಿನ್‌ನಲ್ಲಿ. ಅಂಜುಬುರುಕರು ಅಷ್ಟು ದೊಡ್ಡ ಧೈರ್ಯ ಮಾಡುವುದು ಬದುಕಿನಲ್ಲಿ ಒಮ್ಮೆಯೇ. ಮಾಡಿದ ಮೇಲೆ ಉಳಿದ ದಿನಗಳನ್ನೆಲ್ಲ ಅದಕ್ಕೇ ಅಂಜುತ್ತ ಕಳೆಯುತ್ತಾರೆ. ಬಿಟ್‌ಕಾಯಿನ್ ಮಾರಿದ ಕಂಪನಿಯ ಖಾತೆಯಲ್ಲೇ ಬಿಟ್ಟರೆ ಯಾರಾದರೂ ದೋಚಿಯಾರೆಂದು ಅವನು ಈ ಯಂತ್ರ ತರಿಸಿಕೊಂಡ. ಜೊತೆಗೆ ಬಂದ ಪುಸ್ತಿಕೆಯನ್ನು ನಾಲ್ಕು ಸಲ ಓದಿದ.

ಯಂತ್ರದಲ್ಲಿ ಹಣ ಇರುವುದಿಲ್ಲ, ಹಣದ ಕೀಲಿಕೈ ಇರುತ್ತದೆ. ಗುಪ್ತಸಂಖ್ಯೆಯನ್ನು ಮೂರು ಸಲ ತಪ್ಪಾಗಿ ಒತ್ತಿದರೆ, ಒತ್ತುತ್ತಿರುವವನು ಕಳ್ಳನೆಂದು ತಿಳಿದು ಅದು ತನ್ನೊಳಗಿನದನ್ನೆಲ್ಲ ಅಳಿಸಿಕೊಳ್ಳುತ್ತದೆ. ಮಾಲೀಕನಿಗೆ ಅದರಿಂದ ತೊಂದರೆಯಿಲ್ಲ. ಮೊದಲ ದಿನ ಯಂತ್ರ ತೋರಿಸಿದ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳನ್ನು ಅದೇ ಕ್ರಮದಲ್ಲಿ ತುಂಬಿದರೆ ಕೀಲಿಕೈ ಮತ್ತೆ ಹುಟ್ಟುತ್ತದೆ. ಆ ಪದಗಳನ್ನು ಯಾರಿಗೂ ಹೇಳಬಾರದು, ಫೋಟೋ ತೆಗೆಯಬಾರದು, ಕಂಪ್ಯೂಟರಿನಲ್ಲಿ ಬರೆದಿಡಬಾರದು. ಕಾಗದ ಸುಡುತ್ತದೆ, ಗೆದ್ದಲು ತಿನ್ನುತ್ತದೆ; ಉಕ್ಕಿನ ಮೇಲೆ ಕೊರೆದಿಟ್ಟರೆ ಉತ್ತಮ.

ಸಂಜೀವ ಎರಡು ಡಜನ್ ಸ್ಟೀಲ್ ತಾಟು ಕೊಂಡ. ಕೊರೆಯುವ ಪೆನ್ನೊಂದನ್ನೂ ತರಿಸಿ, ಬಾಗಿಲು ಹಾಕಿಕೊಂಡು, ಒಂದೊಂದರ ಬುಡದಲ್ಲಿ ಒಂದೊಂದು ಪದ ತಾನೇ ಕೊರೆದ. ಕ್ರಮ ತಪ್ಪದಿರಲೆಂದು ಪದದ ಪಕ್ಕದಲ್ಲಿ ಒಂದೊಂದು ಮೂಲವಸ್ತುವಿನ ಸಂಕೇತ ಹಾಕಿದ. ಮೊದಲನೆಯದಕ್ಕೆ ಹೈಡ್ರೋಜನ್, ಎರಡನೆಯದಕ್ಕೆ ಹೀಲಿಯಂ, ಹೀಗೆ ಇಪ್ಪತ್ನಾಲ್ಕನೆಯ ಕ್ರೋಮಿಯಂವರೆಗೆ. ಸ್ಟೀಲಿನೊಳಗೂ ಕ್ರೋಮಿಯಂ ಇರುತ್ತದಲ್ಲ ಎಂದು ಅವತ್ತು ಅವನಿಗೆ ಖುಷಿಯೂ ಆಗಿತ್ತು. ಅಡಿಗೆಮನೆಯ ತಾಟುಗಳಲ್ಲಿ ನಿಧಿ ಹುಡುಕುವ ಕಳ್ಳ ಯಾವ ಊರಿನಲ್ಲಿದ್ದಾನೆ?

ಈಗ ಮನೆ ಸಿಕ್ಕಿತ್ತು. ಸವದತ್ತಿಯ ತವರಿಗೆ ಹೋಗಿದ್ದ ಭಾವನಾ ಸಂಜೆ ಬರುವವಳು. ನಾಳೆ ಹನ್ನೊಂದಕ್ಕೆ ಮನೆ ಮಾರುವವರಿಗೆ ಹಣ ಕೊಡಬೇಕು. ಇವತ್ತು ಭಾನುವಾರವೇ ಬಿಟ್‌ಕಾಯಿನ್ ಮಾರಿ ಬ್ಯಾಂಕಿಗೆ ಹಾಕಿಬಿಟ್ಟರೆ ತನ್ನ ಸುಳ್ಳು ನಿಜವಾಗುತ್ತದೆಂದು ಬೆಳಿಗ್ಗೆ ಯಂತ್ರ ತೆರೆದಿದ್ದ. ಆದರೆ ಸುರಕ್ಷತೆಗೆಂದು ತಿಂಗಳಿಗೊಮ್ಮೆ ಗುಪ್ತಸಂಖ್ಯೆ ಬದಲಿಸುವುದು ಅವನ ಅಭ್ಯಾಸ. ಈ ತಿಂಗಳದ್ದು ತಾಮ್ರದ ಪರಮಾಣು ತೂಕವೋ ಸತುವಿನದೋ ನೆನಪಾಗಲಿಲ್ಲ. ಎರಡೂ ಅಲ್ಲವಾಗಿತ್ತು. ನಿಕ್ಕಲ್ಲೂ ಅಲ್ಲವಾಗಿತ್ತು.

ಚಿಂತೆಯಿಲ್ಲ, ತಾಟುಗಳಿವೆ ಎಂದುಕೊಂಡು ಅಡಿಗೆಮನೆಗೆ ಹೋದ. ತಾಟಿಡುವ ಮೇಲಿನ ಫಳಿ ಖಾಲಿಯಿತ್ತು.

ತಾಯಿ ಕಮಲಾಬಾಯಿ ಸೊಪ್ಪು ಸೋಸುತ್ತ ಕುಳಿತಿದ್ದರು. ತಾಟೆಲ್ಲಿ ಎಂದು ಕೇಳಿದ. ಪಕ್ಕದ ಮನೆಯ ಕೃಷ್ಣವ್ವ ನಸುಕಿನಲ್ಲೇ ಬಂದು ಒಯ್ದಳೆಂದು ಅವರು ತಲೆಯೆತ್ತದೆ ಹೇಳಿದರು. ಮೊಮ್ಮಗಳ ಜವಳವಂತೆ, ದೇಗಾಂವದ ಗುಡಿಯಲ್ಲಿ ಕೂದಲು ತೆಗೆಸಿ ಊಟವಂತೆ.

"ಎಲ್ಲಾನೂ ಕೊಟ್ಟಿಯೇನವಾ?"

"ಎರಡು ಡಜನ್ ಕೇಳಿದ್ಲು, ಎರಡು ಡಜನ್ ಇದ್ದವು. ಕೊಟ್ರ ಸವಿತಾವೇನು? ಮೂವತ್ತು ವರ್ಷದ ನೆರಿ ಅದ."

ಸಂಜೀವ ಚಪ್ಪಲಿ ಮೆಟ್ಟಿ ಕಿತ್ತೂರಿನ ಬಸ್ಸು ಹಿಡಿದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಪದಗಳನ್ನು ಆರಿಸುವ ಪಟ್ಟಿಯಲ್ಲಿರುವುದು ಎರಡು ಸಾವಿರದ ನಲವತ್ತೆಂಟು ಪದ. ಒಂದು ತಾಟು ಕಳೆದರೆ ಒಂದೊಂದನ್ನೇ ಹಾಕಿ ನೋಡಿ ಹುಡುಕಬಹುದು. ಎರಡು ಕಳೆದರೆ ಸುಮಾರು ನಲವತ್ತೆರಡು ಲಕ್ಷ ಜೋಡಿ. ಮೂರು ಕಳೆದರೆ ಎಂಟುನೂರ ಐವತ್ತೊಂಬತ್ತು ಕೋಟಿ. ಬಸ್ಸು ಪ್ರತಿ ನಿಲುಗಡೆಗೆ ನಿಂತಾಗಲೂ ಅವನ ಮನಸ್ಸಿನಲ್ಲಿ ಒಂದೊಂದು ತಾಟು ಕಳೆಯುತ್ತಿತ್ತು. ಕಿತ್ತೂರಿನಲ್ಲಿಳಿದು ಆಟೊ ಹತ್ತುವಷ್ಟರಲ್ಲಿ ಹದಿನೈದು ಕಳೆದಿದ್ದವು.

ದೇಗಾಂವದ ಗುಡಿಯ ಸನಿಹ ತಗಡಿನ ಚಪ್ಪರದ ಕೆಳಗೆ ಮೊದಲ ಪಂಕ್ತಿ ಕುಳಿತಿತ್ತು. ಎದುರುಬದುರಾಗಿ ಎರಡು ಸಾಲು, ನೂರರ ಹತ್ತಿರ ಜನ. ಯಾವ ತಾಟು ಯಾರ ಮನೆಯದೆಂದು ತಿಳಿಯುವ ಹಾಗಿಲ್ಲ. ಎಲ್ಲದರ ಮೇಲೂ ಹೋಳಿಗೆ. ಸಂಜೀವ ಬೆನ್ನ ಹಿಂದೆ ಬಗ್ಗಿ ಬಗ್ಗಿ ನೋಡುತ್ತ ಸಾಗಿದ. ಪರೀಕ್ಷಾ ಕೋಣೆಯಲ್ಲಿ ಚೀಟಿ ಹುಡುಕುವವನ ನಡಿಗೆ ಅವನಿಗೆ ತಾನಾಗಿಯೇ ಬಂದಿತ್ತು. ಕೃಷ್ಣವ್ವನ ಗಂಡ ಗಂಗಪ್ಪ ಅವನನ್ನು ಕಂಡು ಹಿಗ್ಗಿದ.

"ಬರ್ರಿ ಮಾಸ್ತರ. ನೀವು ಬರೂದಿಲ್ಲ ಅಂದಿದ್ರು ನಿಮ್ಮ ತಾಯಾರು. ಕುಂತ್ರಿ, ಇಲ್ಲೇ ನಮ್ಮ ಬೀಗರ ಬಾಜೂಕ ಕುಂತ್ರಿ."

ಬೀಗರೆಂದರೆ ಮಗಳ ಮಾವ, ನೇಸರಗಿಯ ಲಕ್ಕಪ್ಪ. ತಲೆಗೆ ದೊಡ್ಡ ಪಟಗ ಸುತ್ತಿದ, ಸಣ್ಣ ಮಾತಿಗೂ ಸಿಡಿಯುವ ಹಿರಿಯ. ಸಂಜೀವ ಕುಳಿತ. ಬಡಿಸಿದರು. ತಾಟಿನ ಕೆಳಗೆ ಮೆಲ್ಲಗೆ ಬೆರಳು ತೂರಿಸಿ ಸವರಿ ನೋಡಿದ. ಗೀರುಗಳು ತಾಕಿದವು: ಲ್ಯಾಡರ್. ಹನ್ನೆರಡನೆಯ ಪದ, ಮ್ಯಾಗ್ನೀಷಿಯಂ. ಜೀವ ತುಸು ಹಗುರಾಯಿತು. ಆದರೆ ಉಳಿದ ಇಪ್ಪತ್ಮೂರು ಯಾರ ಹೋಳಿಗೆಯ ಕೆಳಗಿವೆಯೋ. ನೂರು ಜನರ ನೂರು ಜೇಬಿನಲ್ಲಿ ನೂರು ಮೊಬೈಲು.

ಲಕ್ಕಪ್ಪ ಊಟ ಮುಗಿಸಿ, ಉಳಿದ ಕಟ್ಟಿನ ಸಾರು ಕುಡಿಯಲು ತಾಟನ್ನು ಎರಡೂ ಕೈಯಿಂದ ಬಾಯಿಗೆತ್ತಿದ. ತಾಟಿನ ಬುಡ ಎದುರು ಸಾಲಿಗೆ ಬೋರ್ಡಿನಂತೆ ಕಂಡಿತು. ಅಲ್ಲಿ ಗಂಗಪ್ಪನ ತಮ್ಮನ ಮಗಳು, ಧಾರವಾಡದಲ್ಲಿ ಓದುವ ಪ್ರಣಿತಾ ಕುಳಿತಿದ್ದಳು. ನಗು ತಡೆಯಲು ಸೆರಗು ಕಚ್ಚಬೇಕೆಂದರೆ ಅವಳು ಉಟ್ಟಿದ್ದು ಸೀರೆಯಲ್ಲ.

"ದೊಡ್ಡಪ್ಪಾ, ಬೀಗರ ತಾಟಿನ ಬುಡಕ ಡಾಂಕಿ ಅಂತ ಬರದಾರ."

ಲಕ್ಕಪ್ಪ ತಾಟು ಇಳಿಸಿದ. ಮೀಸೆಯಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಮಾಸ್ತರ, ನೀವು ಕಲತಾವ್ರು. ಡಾಂಕಿ ಅಂದ್ರೇನು?"

"ಅದು... ಒಂದು ಪ್ರಾಣಿರಿ."

"ಯಾ ಪ್ರಾಣಿ?"

"ಭಾರ ಹೊರತದರಿ."

"ಎತ್ತೇನು?"

ಸಂಜೀವ ಹೋಳಿಗೆ ಮುರಿದು ಬಾಯಿಗೆ ತುಂಬಿಕೊಂಡ. ಸಾಲಿನ ತುದಿಯಿಂದ ಯಾರೋ ಸರಿಯಾದ ಅರ್ಥವನ್ನು ಸಣ್ಣ ದನಿಯಲ್ಲಿ ಹೇಳಿದರು. ಲಕ್ಕಪ್ಪನ ಮುಖ ಆಮ್ಲಕ್ಕೆ ಬಿದ್ದ ಲಿಟ್ಮಸ್ಸಿನಂತೆ ಕೆಂಪಾಯಿತು. ಕರೆದು ಕೂರಿಸಿ ಕತ್ತೆಯ ತಾಟಿನಲ್ಲಿ ಉಣಬಡಿಸಿದಿರಿ ಎಂದು ಅವನು ಎದ್ದು ನಿಂತ. ಗಂಗಪ್ಪ ಕೈ ಮುಗಿದು, ತಾಟು ತನ್ನವಲ್ಲ, ಮಾಸ್ತರವು ಎಂದ. ಎಲ್ಲರ ಕಣ್ಣೂ ಸಂಜೀವನ ಮೇಲೆ ಬಿದ್ದವು. ಮನಸ್ಸಿಗೆ ಹೊಳೆದ ಮೊದಲ ಸುಳ್ಳನ್ನೇ ಅವನು ಹೇಳಿದ: ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕವು, ಯಾರೋ ಏನೋ ಗೀಚಿದ್ದಾರೆ, ಅದಕ್ಕೆ ಅರ್ಥವೇ ಇಲ್ಲ.

ಲಕ್ಕಪ್ಪನನ್ನು ಸಮಾಧಾನಪಡಿಸುವಷ್ಟರಲ್ಲಿ ಎರಡನೆಯ ಪಂಕ್ತಿಯೂ ಎದ್ದಿತು. ಸಂಜೀವ ತಾಟು ತೊಳೆಯುವ ಕಡೆಗೆ ಓಡಿದ. ತೊಳೆಯುತ್ತಿದ್ದ ಬೀರವ್ವನ ಪಕ್ಕದಲ್ಲಿ ಪ್ರಣಿತಾ ಗೀಚಿದ ತಾಟುಗಳನ್ನೆಲ್ಲ ಆರಿಸಿ, ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದಳು. ಇಪ್ಪತ್ನಾಲ್ಕೂ ಇದ್ದವು. ಅವುಗಳ ಫೋಟೋ ಅವಳ ಮೊಬೈಲಿನಲ್ಲಿತ್ತು.

"ನೋಡ್ರಿ ಸರ, ಮಂಕಿ, ಗೋಟ್, ಅಂಕಲ್, ಪಂಪ್ಕಿನ್. ಸ್ಟೇಟಸ್ ಇಟ್ರ ಮಂದಿ ನಕ್ಕು ನಕ್ಕು ಸಾಯತಾರ."

ಸಂಜೀವ ಅಂಗಲಾಚಿದ. ಅದು ಬೀಗರ ಮರ್ಯಾದೆಯ ಪ್ರಶ್ನೆ, ಗಂಗಪ್ಪನ ಮನೆತನದ ಪ್ರಶ್ನೆ, ಯಾರದೋ ಹೆಸರುಗಳ ಗೌಪ್ಯತೆಯ ಪ್ರಶ್ನೆ ಎಂದ. ಕೊನೆಗೆ ಕಣ್ಣಲ್ಲಿ ನೀರೇ ಬಂತು. ಹುಡುಗಿ ಗಾಬರಿಯಾಗಿ ಅಳಿಸಿದಳು. ಮೊಬೈಲಿನ ಕಸದ ಬುಟ್ಟಿಯಿಂದಲೂ ತೆಗೆಸಿದ. ಕೃಷ್ಣವ್ವನಿಗೆ ಒಂದು ಕಳಿಸಿದ್ದೆ ಎಂದಳು. ಕೃಷ್ಣವ್ವನ ಮೊಬೈಲು ತರಿಸಿ ಅದನ್ನೂ ತಾನೇ ನಿಂತು ಅಳಿಸಿದ. ಪುಸ್ತಿಕೆಯ ಒಂದು ನಿಯಮವೂ ಮುರಿಯಲಿಲ್ಲ. ಇನ್ನು ಜಗತ್ತಿನಲ್ಲಿ ಆ ಪದಗಳು ಆ ಉಕ್ಕಿನ ಹೊರತು ಬೇರೆಲ್ಲೂ ಇಲ್ಲ ಎಂದು ಹಣೆಯ ಬೆವರು ಒರೆಸಿಕೊಂಡ.

ಆಮೇಲೆ ತಾಟುಗಳನ್ನು ಒಂದರ ಮೇಲೊಂದು ಇಡುತ್ತ ಮತ್ತೊಮ್ಮೆ ಎಣಿಸತೊಡಗಿದ. ಹದಿನೇಳಕ್ಕೆ ಬಂದಾಗ ಬೆನ್ನ ಹಿಂದೆ ಗಂಗಪ್ಪನ ದನಿ ಕೇಳಿತು.

"ಎಣಸಾಕ ಹತ್ತೀರೇನ್ರಿ ಮಾಸ್ತರ?"

ಕೈ ತೊಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಇಲ್ಲ, ಹಾಗಲ್ಲ, ತಾನೇ ಒಯ್ದುಬಿಡುವೆ ಎಂದ ಸಂಜೀವ. ಅದರಿಂದ ಮಾತು ಇನ್ನೂ ಕೆಟ್ಟಿತು.

"ಮೂವತ್ತು ವರ್ಷದಾಗ ನಿಮ್ಮನಿ ಒಂದು ಚಮಚಾ ನಮ್ಮನ್ಯಾಗ ಉಳದೈತೇನು? ಉಂಡ ಪಂಕ್ತಿಯಿಂದ ತಾಟ ಎಣಸಿ ಹೊತಗೊಂಡು ಹೋದ್ರ, ಬೀಗರ ಮುಂದ ನಾ ಮಾರಿ ಹ್ಯಾಂಗ ತೋರಸ್ಲಿ? ನೀವ ನಡೀರಿ. ಇಸಗೊಂಡಾವ್ರು ನಾವು, ಮುಟ್ಟಸಾವ್ರೂ ನಾವ."

ಆ ಮಾತಿನೆದುರು ನಿಲ್ಲಲು ಸಂಜೀವನಿಂದಾಗಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದ.

ಮನೆಯಲ್ಲಿ ಅವನು ಕೂರಲಿಲ್ಲ, ನಿಲ್ಲಲೂ ಇಲ್ಲ. ಬೀದಿಯಲ್ಲಿ ಗಾಡಿಯೊಂದು ಸದ್ದು ಮಾಡಿದಾಗಲೆಲ್ಲ ಕಿಟಕಿಗೆ ಹೋದ. ಗಂಗಪ್ಪನವರು ಬರುವ ಟ್ರ್ಯಾಕ್ಟರು ಜಿಗಿದು ಒಂದು ತಾಟು ಕಾಲುವೆಗೆ ಬಿದ್ದಿದ್ದರೆ? ಊಟಕ್ಕೆ ಬಂದಿದ್ದ ನೆಂಟರ್ಯಾರಾದರೂ ಒಂದರಲ್ಲಿ ಹೋಳಿಗೆ ಕಟ್ಟಿಕೊಂಡು ಹೋಗಿದ್ದರೆ? ಐದೂವರೆಗೆ ಭಾವನಾ ಬಂದಳು. ಹೊಸ ಮನೆಯ ಅಡಿಗೆ ಕಟ್ಟೆಗೆ ಯಾವ ಕಲ್ಲು ಹಾಕಿಸುವುದೆಂದು ಬಸ್ಸಿನಲ್ಲೇ ನಿರ್ಧರಿಸಿದ್ದಳು. ಠೇವಣಿಯ ಕಾಗದಗಳು ಎಲ್ಲಿವೆ, ನಾಳೆ ಬೆಳಿಗ್ಗೆ ಹುಡುಕುವುದು ಬೇಡ, ಈಗಲೇ ತೆಗೆದಿಡಿ ಎಂದಳು. ಸಂಜೀವ ಆಗಲಿ ಎಂದ. ತಾಟು ಬಂದರೆ ಬಚ್ಚಲಮನೆಯಲ್ಲಿ ಕದ ಹಾಕಿಕೊಂಡು ಪದ ತುಂಬುವುದು ಕಾಲು ಗಂಟೆಯ ಕೆಲಸ, ಅಷ್ಟೆ.

ಏಳಕ್ಕೆ ಗಂಗಪ್ಪ, ಕೃಷ್ಣವ್ವ ಬಂದರು. ಬುಟ್ಟಿಯ ಮೇಲೆ ಹೊಸ ಟವೆಲು ಹೊದಿಸಿ, ಅದರ ಮೇಲೆ ಹೋಳಿಗೆ ಇಟ್ಟಿದ್ದರು. ಗಂಗಪ್ಪನ ಮುಖದಲ್ಲಿ ಮಧ್ಯಾಹ್ನದ ಸಿಟ್ಟು ಇರಲಿಲ್ಲ.

"ಮಾಸ್ತರ, ನನ್ನ ಮಾತು ಜರಾ ಜಾಸ್ತಿ ಆತು. ಆಮ್ಯಾಲ ಬೀಗರ ಹೇಳಿದ್ರು: ಪಾಪ, ತಾಟಿನ ಮ್ಯಾಲ ಮಂಗ್ಯಾ, ಕತ್ತಿ ಅಂತ ಇದ್ರ, ತಮ್ಮವು ಅಂತ ಗುರ್ತ ಹತ್ತೂದರ ಹ್ಯಾಂಗ, ಎಣಸದ ಏನ ಮಾಡ್ತಾರ ಅವರು, ಅಂತ. ನನಗೂ ಖರೇ ಅನಿಸ್ತು."

ಅವನು ಟವೆಲು ಸರಿಸಿ ಒಂದು ತಾಟು ತೆಗೆದು ಬೋರಲು ಮಾಡಿ ಹಿಡಿದ. ಬುಡ ನೀರಿನಂತೆ ಹೊಳೆಯುತ್ತಿತ್ತು. ನಡುವೆ ಮುತ್ತಿನಂತಹ ಕನ್ನಡ ಅಕ್ಷರಗಳಲ್ಲಿ 'ಸಂಜೀವ ಕೃಷ್ಣಾಜಿ, ಬೈಲಹೊಂಗಲ' ಎಂದಿತ್ತು.

"ಭಾಂಡಿ ಅಂಗಡಿ ಮಡಿವಾಳೆಪ್ಪನ ಕಡೆ ಎಲ್ಲಾ ತಿಕ್ಕಿಸಿ ನಿಮ್ಮ ಹೆಸರ ಹಾಕಿಸೇನಿ. ರೊಕ್ಕ ಬೀಗರ ಕೊಟ್ರು. ಹಳೀ ಅಕ್ಷರ ಭಾಳ ಆಳ ಇದ್ವು, ಒಂದೊಂದನ್ನ ಎರಡೆರಡ ಸಲ ಮಷೀನಿಗೆ ಹಿಡಸೇನಿ. ಒಂದು ಗೀರೂ ಉಳೀಬಾರದು ಅಂತ ಕಡೀತನಕ ನಾನ ನಿಂತಿದ್ದೆ."

ಸಂಜೀವ ಎರಡನೆಯದನ್ನು ತಿರುವಿದ. ಮೂರನೆಯದನ್ನು ತಿರುವಿದ. ಅವನಿಗೆ ನೆನಪಿದ್ದ ಪದಗಳು ಆರು. ಉಳಿದ ಹದಿನೆಂಟಕ್ಕೆ ಇರುವ ಸಾಧ್ಯತೆಗಳು ಈ ಭೂಮಿಯಲ್ಲಿರುವ ಒಟ್ಟು ಪರಮಾಣುಗಳಿಗಿಂತ ಹೆಚ್ಚೆಂದು ಅವನೊಳಗಿನ ರಸಾಯನಶಾಸ್ತ್ರದ ಮಾಸ್ತರ ಕೂಡಲೇ ಲೆಕ್ಕ ಹಾಕಿ ಹೇಳಿದ. ಭಾವನಾ ಒಂದು ತಾಟನ್ನು ದೀಪಕ್ಕೆ ಹಿಡಿದು ನೋಡಿ, ಹೊಸ ಮನಿಗೆ ಭಾಳ ಛೊಲೋ ಆತು ಎಂದಳು. ಕಮಲಾಬಾಯಿ ಕೃಷ್ಣವ್ವನಿಗೆ ಚಹಾ ಇಟ್ಟರು.

"ಎಣಸ್ರಿ ಮಾಸ್ತರ," ಎಂದ ಗಂಗಪ್ಪ, ಎದೆಯುಬ್ಬಿಸಿ ನಿಂತು. "ನಾಕ ಮಂದಿ ಮುಂದ ಎಣಸ್ರಿ. ಈಗ ನನಗೇನೂ ಸಿಟ್ಟಿಲ್ಲ."

ಎಲ್ಲರೂ ಕಾಯುತ್ತಿದ್ದರು. ಸಂಜೀವ ಎಣಿಸಿದ. ಇಪ್ಪತ್ನಾಲ್ಕೂ ಇದ್ದವು. ಒಂದೂ ಕಡಿಮೆಯಿರಲಿಲ್ಲ.