ಗೋಡೆ ಮೇಲಿನ ಊರು

ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೆಲಸಕ್ಕೆ ಹೊತ್ತಾಗಿದ್ದರಿಂದ ಅಂಗಿ ನನ್ನ ಮೈಮೇಲಿರುವಾಗಲೇ ಹೆಂಡತಿ ಅದನ್ನು ಹೊಲಿಯುತ್ತಿದ್ದಳು. ನಾನು ಮಂಚದ ಪಕ್ಕದಲ್ಲಿ ಕಂಬದಂತೆ ನಿಂತಿದ್ದೆ. ಅವಳ ಹಲ್ಲಿನ ನಡುವೆ ದಾರ ಇತ್ತು. ಅಂದರೆ ಬಾಯಿ ತೆರೆಯುವಂತಿರಲಿಲ್ಲ. ದೊಡ್ಡ ನಿರ್ಧಾರಗಳನ್ನು ಘೋಷಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ನನ್ನ ಸಂಸಾರದಲ್ಲಿ ಸಿಗುವುದಿಲ್ಲ.

"ಈ ರಜೆಗೆ ಅವರ ಊರಿಗೆ ಹೋಗ್ತಾ ಇದ್ದೀವಿ" ಎಂದೆ.

'ಅವರು' ಯಾರೆಂದು ಅವಳು ಕೇಳಬೇಕಾಗಿರಲಿಲ್ಲ. ಮಂಚದ ತಲೆಭಾಗದ ಗೋಡೆಯ ಮೇಲೆ ನಾಲ್ವರೂ ನಿಂತಿದ್ದರು. ಮೀಸೆ ಮೂಡುವ ವಯಸ್ಸಿನಿಂದ ನಾನು ತಲೆಯ ಮೇಲೆ ಹೊತ್ತು ತಿರುಗುತ್ತಿರುವ ಬ್ಯಾಂಡು ಅದು. ಅವರ ಮೊದಲ ರೆಕಾರ್ಡಿನ ಜೊತೆ ಬಂದ ಪೋಸ್ಟರಿನಲ್ಲಿ ನಾಲ್ವರೂ ತಮ್ಮೂರಿನ ಸೇತುವೆಯ ಮೇಲೆ ಸಾಲಾಗಿ ನಿಂತು ಲೋಕವನ್ನು ತಾತ್ಸಾರದಿಂದ ನೋಡುತ್ತಿದ್ದಾರೆ. ಹಿಂದೆ, ಸೇತುವೆಯ ಎಡಕ್ಕೆ, ಎರಡಂತಸ್ತಿನ ಬೇಕರಿ. ಆ ಬೇಕರಿಯ ಮೇಲಿನ ಕೋಣೆಯಲ್ಲೇ ಅವರು ಮೊಟ್ಟಮೊದಲು ಹಾಡಿದ್ದು. ಉಳಿದವರಿಗೆ ಅದು ಬನ್ನು ಮಾರುವ ಜಾಗ. ನನಗೆ ಪುಣ್ಯಕ್ಷೇತ್ರ.

"ಆ ಊರಲ್ಲಿ ನಾನು ಯಾರ ಹತ್ರಾನೂ ದಾರಿ ಕೇಳಲ್ಲ" ಎಂದು ಸೇರಿಸಿದೆ. "ಕಣ್ಣು ಕಟ್ಟಿ ಬಿಟ್ರೂ ಬೇಕರಿ ಮುಂದೆ ಹೋಗಿ ನಿಲ್ತೀನಿ."

ಅವಳು ದಾರ ಕಚ್ಚಿ ತುಂಡರಿಸಿದಳು. ಬಾಯಿಗೆ ಬಿಡುಗಡೆಯಾಯಿತು.

"ಯಾರ ಹತ್ರಾನೂ?"

"ಫೋನನ್ನೂ ಕೇಳಲ್ಲ. ಒಂದೇ ಒಂದು ಸಲ ಕೇಳಿದ್ರೆ ಈ ಗೋಡೆ ನಿಂದು."

ಆಡಿದ ಮೇಲೆ ಮಾತು ಸ್ವಲ್ಪ ಹೆಚ್ಚಾಯಿತು ಅನ್ನಿಸಿತು, ನಿಜ. ಏಕೆಂದರೆ ಆ ಗೋಡೆಯ ಮೇಲೆ ಅವಳ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕಿಟಕಿಯ ಬೆಳಕು ಚೆನ್ನಾಗಿ ಬೀಳುವುದು ಮಲಗುವ ಕೋಣೆಯ ಆ ಗೋಡೆಗೆ ಮಾತ್ರ. ಅಲ್ಲಿ ಆಳೆತ್ತರದ ಕನ್ನಡಿ ನಿಲ್ಲಿಸಿದರೆ ಗಿರಾಕಿಗಳು ಹೊಲಿದದ್ದನ್ನು ತೊಟ್ಟು ನೋಡಬಹುದು ಎಂಬುದು ಅವಳ ವಾದ. ಈಗ ಅವರು ಕೋಣೆಗೆ ಬಂದರೆ ನಾಲ್ವರು ಅಪರಿಚಿತ ಗಂಡಸರ ಎದುರು ಅಳತೆ ಕೊಡಬೇಕು. ಹಾಗಾಗಿ ಗಿರಾಕಿ ಬಂದಾಗಲೆಲ್ಲ ನನ್ನ ಆರಾಧ್ಯರ ಮೇಲೆ ಒಂದು ಹಳೆಯ ಹೊದಿಕೆ ಇಳಿಯುತ್ತಿತ್ತು. ಇಂಥ ಅವಮಾನವನ್ನು ಅವರು ಯಾವ ವೇದಿಕೆಯಲ್ಲೂ ಅನುಭವಿಸಿರಲಿಕ್ಕಿಲ್ಲ.

"ಆಯ್ತು ರೀ, ಹೋಗೋಣ" ಎಂದಳು. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನಾನು ಎಚ್ಚರಗೊಳ್ಳಬೇಕಿತ್ತು.

ನನ್ನ ಕೆಲಸ ಮುದ್ರಣಾಲಯದಲ್ಲಿ, ಪ್ಲೇಟು ತಯಾರಿಸುವ ವಿಭಾಗದಲ್ಲಿ. ಫಿಲ್ಮಿನಿಂದ ಪ್ಲೇಟಿಗೆ, ಪ್ಲೇಟಿನಿಂದ ಕಾಗದಕ್ಕೆ ಚಿತ್ರ ಇಳಿಯುವ ದಾರಿಯಲ್ಲಿ ತಪ್ಪು ಹಿಡಿಯುವುದೇ ನನ್ನ ಅನ್ನ. ಸಹೋದ್ಯೋಗಿಗಳು ನನಗೆ 'ಹದ್ದು' ಎಂದು ಹೆಸರಿಟ್ಟಿದ್ದಾರೆ. ಎದುರಿಗೇ ಹಾಗೆ ಕರೆದರೂ ನನಗೆ ಬೇಸರವಿಲ್ಲ. ಅಗ್ನಿಶಾಮಕ ದಳದ ಕ್ಯಾಲೆಂಡರಿನಲ್ಲಿ ಮುಖ್ಯಾಧಿಕಾರಿಯ ಎದೆಯ ಎಡಕ್ಕಿರಬೇಕಾದ ಪದಕಗಳು ಬಲಕ್ಕೆ ಬಂದಿದ್ದನ್ನು ಕೋಣೆಯ ಆ ತುದಿಯಿಂದಲೇ ಕಂಡು ಯಂತ್ರ ನಿಲ್ಲಿಸಿದವನು ನಾನು.

ಇಂಥ ಕಣ್ಣುಳ್ಳವನು ನಕ್ಷೆ ಬರೆಯಲು ಕುಳಿತರೆ ಹೇಗಿರಬೇಡ? ಭಾನುವಾರ ಪೂರ್ತಿ ಮಂಚದ ಮೇಲೆ ನಿಂತು, ಪೋಸ್ಟರಿಗೆ ಭೂತಗನ್ನಡಿ ಹಿಡಿದು, ಊರನ್ನು ಅಂಗುಲ ಅಂಗುಲವಾಗಿ ಅಳೆದೆ. ಸೇತುವೆ, ಮೆಟ್ಟಿಲು, ದೀಪದ ಕಂಬ, ಎಡಕ್ಕೆ ಬೇಕರಿ. ಅದರ ಬೋರ್ಡು ಮಾತ್ರ ಗಾಯಕನ ತಲೆಯ ಹಿಂದೆ ಅಡಗಿತ್ತು. ತೊಂದರೆಯಿಲ್ಲ, ಅದರ ಹೆಸರು ನನಗೆ ಬಾಯಿಪಾಠ. ನಕ್ಷೆಯನ್ನು ಕಚೇರಿಯಲ್ಲಿ ಉಳಿದ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ನಮ್ಮ ಅಭಿಮಾನಿ ಸಂಘದವರಿಗೆಲ್ಲ ಹಂಚಿದೆ. ನೋಡಿದವರೆಲ್ಲ ನಾವೂ ಬರುತ್ತೇವೆ ಎಂದರು. ಹೀಗೆ ಗಂಡ ಹೆಂಡಿರ ಪ್ರವಾಸ ಒಂದು ದಂಡಯಾತ್ರೆಯಾಯಿತು.

ಸಂಘದ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಅವರಿಗೆ ಮೊದಲಿನಿಂದಲೂ ಒಂದು ಸಂಶಯ: ಗಿಟಾರಿನವನು ಬೇರೆಲ್ಲ ಚಿತ್ರಗಳಲ್ಲಿ ಬಲಗೈಯಲ್ಲಿ ನುಡಿಸುತ್ತಾನೆ, ಈ ಪೋಸ್ಟರಿನಲ್ಲಿ ಮಾತ್ರ ಗಿಟಾರನ್ನು ಎಡಗೈಯವರಂತೆ ಹಿಡಿದಿದ್ದಾನೆ, ಯಾಕೆ? ಅದಕ್ಕೆ ಉತ್ತರವಾಗಿ ನಾನು ಸಂಘದ ಪತ್ರಿಕೆಯಲ್ಲಿ 'ಸವ್ಯಸಾಚಿ' ಎಂಬ ತಲೆಬರಹದಡಿ ಮೂರು ಪುಟ ಬರೆದಿದ್ದೆ. ಎರಡೂ ಕೈಯಲ್ಲಿ ನುಡಿಸಬಲ್ಲ ಪ್ರತಿಭೆ ಎಂದು ಅದರಲ್ಲಿ ಸಾಧಿಸಿದ್ದೆ. ಡಾಕ್ಟರು ಬಾಯಿ ಮುಚ್ಚಿಕೊಂಡಿದ್ದರು. ಬೇರೆಯವರ ಬಾಯಿ ತೆರೆಸುವವರನ್ನೇ ಸುಮ್ಮನಾಗಿಸಿದೆನೆಂಬ ಹೆಮ್ಮೆ ನನಗೆ ಮೊನ್ನೆಮೊನ್ನೆಯವರೆಗೂ ಇತ್ತು.

ಉಳಿದದ್ದು ರೂಮುಗಳು. ಪೋಸ್ಟರಿನ ಚಿತ್ರ ತೆಗೆದವನು ಎಲ್ಲಿ ನಿಂತಿದ್ದನೋ ಅಲ್ಲೇ, ಸೇತುವೆಗೆ ಮುಖಮಾಡಿ, ಈಗ ಒಂದು ಲಾಡ್ಜಿದೆ. ಅದರ ಎಡಗಡೆಯ ಕಿಟಕಿ ತೆರೆದರೆ ಬೇಕರಿಯೇ ಕಾಣಬೇಕು. ಒಂದು ಸಂಜೆ ಫೋನು ಮಾಡಿದೆ. ಹೆಂಡತಿ ಮಂಚದ ಮೇಲೆ ಕಡುನೀಲಿ ಬಟ್ಟೆ ಹರಡಿಕೊಂಡು ಯಾರದೋ ಗಂಡನ ಅಂಗಿ ಕತ್ತರಿಸುತ್ತಿದ್ದಳು.

ಲಾಡ್ಜಿನ ಯಜಮಾನಿ ಸೌಮ್ಯವಾಗಿ ಮಾತಾಡಿದರು. ಎಡಗಡೆಯ ಎಲ್ಲ ರೂಮುಗಳೂ ಬೇಕು ಎಂದೆ. ಆಕೆಗೆ ಆಶ್ಚರ್ಯ. ಎಡಗಡೆ ಲಾರಿ ರಿಪೇರಿ ಶೆಡ್ಡಿದೆ, ಬೆಳಗ್ಗೆ ಆರಕ್ಕೆ ಸುತ್ತಿಗೆ ಶುರುವಾಗುತ್ತದೆ, ಬೇಕರಿ ನೋಡುವವರು ಬಲಗಡೆ ತಗೊಳ್ಳುತ್ತಾರೆ ಎಂದರು.

"ಬೇಕರಿ ಎಡಕ್ಕಿದೆ ಮೇಡಂ" ಎಂದೆ ನಾನು, ತಿಳಿವಳಿಕೆ ಇಲ್ಲದವರ ಮೇಲೆ ತೋರುವ ಕರುಣೆಯಿಂದ.

"ಬಲಕ್ಕಿದೆ ಸರ್."

"ನೀವು ಆ ಊರಲ್ಲಿ ಎಷ್ಟು ದಿನದಿಂದ ಇದ್ದೀರಿ?"

"ಹುಟ್ಟಿದಾಗಿನಿಂದ."

"ನೋಡಿ, ದಿನಾ ನೋಡೋರಿಗೆ ಕೆಲವು ವಿಷಯ ಕಣ್ಣಿಗೆ ಬೀಳಲ್ಲ. ನೀವೀಗ ಎಲ್ಲಿ ನಿಂತಿದ್ದೀರಿ?"

"ಅಡುಗೆಮನೆ ಕಿಟಕೀಲಿ. ಬೇಕರಿಯವನು ಬಾಗಿಲು ಹಾಕ್ತಾ ಇದಾನೆ. ಬಲಗಡೆ ನಿಂತು ಹಾಕ್ತಾ ಇದಾನೆ."

"ಮುಖ ಸೇತುವೆ ಕಡೆಗೇ ಇದೆ ತಾನೆ?"

"ಸರ್" ಎಂದರು, "ನಿಮಗೆ ಎಡಕ್ಕೇ ಬೇಕು ಅಂದ್ರೆ ಎಡಕ್ಕೇ ಕೊಡ್ತೀನಿ. ಬೇಕರೀನ ಎತ್ತಿ ಆ ಕಡೆ ಇಡೋಕೆ ಮಾತ್ರ ನನ್ ಕೈಲಾಗಲ್ಲ."

ಎಡಗಡೆಯ ರೂಮುಗಳನ್ನೆಲ್ಲ ನಮ್ಮ ಸಂಘದ ಹೆಸರಿಗೆ ಬರೆಸಿಯೇ ಫೋನು ಇಟ್ಟೆ. ಹುಟ್ಟಿದೂರಿನ ಎಡಬಲ ಗೊತ್ತಿಲ್ಲದವರು ಲಾಡ್ಜು ನಡೆಸುತ್ತಾರಲ್ಲ, ಜನ ದಾರಿ ತಪ್ಪದೆ ಇನ್ನೇನು ಮಾಡುತ್ತಾರೆ ಎಂದು ಹೆಂಡತಿಯ ಮುಂದೆ ಮರುಗಿದೆ.

ಅವಳು ಕತ್ತರಿಸಿದ ಬಟ್ಟೆಯ ಮುಂಭಾಗಗಳನ್ನು ಎಡಬಲ ಜೋಡಿಸಿ ನೋಡುತ್ತಿದ್ದಳು. ತಲೆಯೆತ್ತಿ ಒಮ್ಮೆ ಪೋಸ್ಟರನ್ನು ನೋಡಿದಳು.

"ಒಂದು ಮಾತು ಕೇಳ್ಲಾ? ಇವರು ನಾಲ್ಕೂ ಜನ ಯಾಕೆ ಹೆಂಗಸರ ಅಂಗಿ ಹಾಕ್ಕೊಂಡಿದಾರೆ?"

"ಏನು?"

"ಗುಂಡಿ ಎಡಕ್ಕಿದೆ, ಕಾಜ ಬಲಕ್ಕೆ. ಜೇಬೂ ಬಲಕ್ಕೆ. ಗಂಡಸರಿಗೆ ಯಾರೂ ಹಾಗೆ ಹೊಲಿಯಲ್ಲ."

"ಇದನ್ನ ಯಾವಾಗ ನೋಡಿದೆ?"

"ಮದುವೆಯಾಗಿ ಬಂದ ವಾರದಲ್ಲೇ. ಹಾಡೋರಲ್ವಾ, ಇದೂ ಒಂದು ಶೋಕಿ ಇರಬೇಕು ಅಂತ ಸುಮ್ಮನಾದೆ."

ಭೂತಗನ್ನಡಿ ಹಿಡಿದು ಮಂಚ ಹತ್ತಿದೆ. ಕಡುನೀಲಿ ಬಟ್ಟೆಯ ಮೇಲೆ ಕಾಲಿಟ್ಟದ್ದಕ್ಕೆ ಅವಳು ಬೈದದ್ದು ಕೇಳಿಸಲಿಲ್ಲ. ಒಂದು ಅಂಗಿ, ಎರಡನೆಯದು, ಮೂರನೆಯದು. ಗುಂಡಿಗಳೆಲ್ಲ ಎಡಕ್ಕೆ. ಬಗ್ಗಿ ನನ್ನ ಅಂಗಿಯನ್ನು ನೋಡಿಕೊಂಡೆ. ಅವಳು ಹೊಲಿದ ಗುಂಡಿ ಬಲಕ್ಕಿತ್ತು. ಸವ್ಯಸಾಚಿಯನ್ನು ನೋಡಿದೆ. ಆತ ಎಂದಿನಂತೆ ತಾತ್ಸಾರದಿಂದ ನನ್ನನ್ನೇ ನೋಡುತ್ತಿದ್ದ. ಈಗ ಅದಕ್ಕೆ ಕಾರಣವಿದೆ ಅನ್ನಿಸಿತು.

ಫಿಲ್ಮನ್ನು ತಿರುವಿಹಾಕಿ, ಎಡಬಲ ಅದಲುಬದಲಾಗುವಂತೆ ಪೋಸ್ಟರನ್ನು ಅಚ್ಚು ಮಾಡಿದ್ದರು. ಯಾವ ತಪ್ಪಿಗೆ ನಾನು ದಿನವೂ ಹುಡುಗರ ಮೇಲೆ ಹಾರಾಡುತ್ತೇನೋ ಅದೇ ತಪ್ಪು. ಅದನ್ನು ತಲೆದಿಂಬಿನ ಮೇಲೆ ನೇತುಹಾಕಿಕೊಂಡು ಇಷ್ಟು ವರ್ಷ ಅದರ ಕೆಳಗೇ ನಿದ್ದೆ ಮಾಡಿದ್ದೆ.

"ಇಂಥದ್ದನ್ನ ಹಿಡಿಯೋದೇ ನಿಮ್ಮ ಕೆಲಸ ಅಲ್ವಾ, ಹದ್ದು ಸಾಹೇಬ್ರೇ?" ಎಂದಳು.

ಮತ್ತೆ ಫೋನು ಹಚ್ಚಿದೆ. ಅಷ್ಟರಲ್ಲಿ ಬಲಗಡೆಯ ರೂಮುಗಳನ್ನೆಲ್ಲ ಯಾವುದೋ ಶಾಲೆಯ ಶಿಕ್ಷಕರ ತಂಡ ಹಿಡಿದಿತ್ತು. ಯಜಮಾನಿಯ ದನಿಯಲ್ಲಿ ಗೆದ್ದ ಸುಳಿವೇ ಇರಲಿಲ್ಲ. ಅದು ಇನ್ನೂ ಚುಚ್ಚಿತು. ಸಂಘದವರಿಗೆ ಹಂಚಿದ ನಕ್ಷೆಗಳು ಕಣ್ಣ ಮುಂದೆ ಹಾರಾಡುತ್ತಿದ್ದವು. ಆ ಗಾಬರಿಯಲ್ಲಿ ಬಾಯಿಂದ ಮಾತು ತಾನಾಗಿಯೇ ಜಾರಿತು.

"ಹಾಗಾದ್ರೆ ಮೇಡಂ, ನಿಮ್ಮ ಲಾಡ್ಜಿನಿಂದ ಬೇಕರಿಗೆ ಹೇಗೆ ಹೋಗೋದು?"

"ಸೇತುವೆ ದಾಟಿ ಬಲಕ್ಕೆ, ಸರ್."

ಫೋನಿಟ್ಟು ತಿರುಗಿದೆ. ಹೆಂಡತಿ ಮಂಚದ ಮೇಲೆ ನಿಂತಿದ್ದಳು. ಕೊರಳಲ್ಲಿದ್ದ ಟೇಪನ್ನು ತೆಗೆದು, ಗಾಯಕನ ತಲೆಯಿಂದ ಕೆಳಕ್ಕೆ ಇಳಿಬಿಟ್ಟು, ಗೋಡೆಯ ಅಳತೆ ತೆಗೆಯುತ್ತಿದ್ದಳು.

"ಇನ್ನೂ ಮನೆ ಬಿಟ್ಟೇ ಇಲ್ಲ, ಆಗಲೇ ದಾರಿ ಕೇಳಿದ್ರಿ" ಎಂದಳು. "ಗೋಡೆ ಬಿಟ್ಟು ಇಳೀರಿ ಅಂತ ಇವರಿಗೆ ಹೇಳಿ."

ಕನ್ನಡಿ ನಿನ್ನೆ ಬಂತು. ಮಂಚ ಪಕ್ಕಕ್ಕೆ ಸರಿಸಿ ಮೊಳೆ ಹೊಡೆದವನು ನಾನೇ. ಪೋಸ್ಟರು ಎದುರಿನ ಗೋಡೆಗೆ, ಬಾಗಿಲ ಪಕ್ಕಕ್ಕೆ ಹೋಗಿದೆ. ಮಂಚದ ಅಂಚಿನಲ್ಲಿ ಕುಳಿತು ಕನ್ನಡಿ ನೋಡಿದರೆ ನಾಲ್ವರೂ ಅದರೊಳಗೆ ಕಾಣುತ್ತಾರೆ: ಗುಂಡಿ ಸರಿಯಾಗಿ, ಗಿಟಾರು ಬಲಗೈಯಲ್ಲಿ, ಬೇಕರಿ ಸೇತುವೆಯ ಬಲಕ್ಕೆ. ಇಷ್ಟು ವರ್ಷಗಳಲ್ಲಿ ಆ ಊರನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು, ಅದೂ ಹೆಂಡತಿಯ ಕನ್ನಡಿಯಲ್ಲಿ. ಗಿರಾಕಿ ಬಂದಾಗ ಹೊದಿಕೆ ಈಗಲೂ ಇಳಿಯುತ್ತದೆ.

ಸುದ್ದಿ ತಿಳಿದ ಹಲ್ಲಿನ ಡಾಕ್ಟರು 'ಸವ್ಯಸಾಚಿ' ಲೇಖನದ ಪ್ರತಿಯನ್ನು ದಾರಿಯಲ್ಲಿ ಎಲ್ಲರಿಗೂ ಓದಿ ಹೇಳಲು ಜೊತೆಗೆ ತರುತ್ತಿದ್ದಾರಂತೆ. ಶನಿವಾರ ಹೊರಡುತ್ತೇವೆ. ರೂಮುಗಳು ಎಡಗಡೆಯವೇ. ಸುತ್ತಿಗೆ ಬೆಳಗ್ಗೆ ಆರಕ್ಕೆ ಶುರುವಾಗುತ್ತದೆ.